ಬೆಂಕಿ ಹೊತ್ತಿಸಿ ಬರಮಾಡಿಕೊಂಡ ದ್ವೀಪ: ಮಾಲ್ಟಾದಲ್ಲಿ ನೋಡಬೇಕಾದ ಸ್ಥಳಗಳು



ವಿದೇಶದ ಪುಣ್ಯಕ್ಷೇತ್ರಗಳ ಯಾತ್ರೆ ಎಂದೊಡನೆ ನಮ್ಮ ಮನಸ್ಸು ಜೆರುಸಲೇಮಿಗೋ, ರೋಮಿಗೋ, ಲೂರ್ದಿಗೋ ಹೋಗುತ್ತದೆ. ಮಾಲ್ಟಾ ದ್ವೀಪದ ನೆನಪು ಅಷ್ಟಾಗಿ ಯಾರಿಗೂ ಬರುವುದಿಲ್ಲ. ಆದರೆ ಪವಿತ್ರ ಬೈಬಲಿನಲ್ಲಿ ಈ ಪುಟ್ಟ ದ್ವೀಪಕ್ಕೆ ತನ್ನದೇ ಆದ ಸ್ಥಾನವಿದೆ. ಸಂತ ಪೌಲರು ಸಾವಿನ ದವಡೆಯಿಂದ ಪಾರಾಗಿ ಮೂರು ತಿಂಗಳು ತಂಗಿದ ನೆಲ ಇದು.

ಮೆಡಿಟರೇನಿಯನ್ ಸಮುದ್ರದ ನಡುವೆ, ಇಟಲಿಯ ಸಿಸಿಲಿ ದ್ವೀಪದಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ ಮಾಲ್ಟಾ ಇದೆ. ಮಾಲ್ಟಾ, ಗೋಝೋ, ಕೊಮಿನೋ ದ್ವೀಪಗಳೆಲ್ಲ ಸೇರಿದರೂ ವಿಸ್ತೀರ್ಣ ಕೇವಲ 316 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ಜನಸಂಖ್ಯೆ ಐದು ಲಕ್ಷಕ್ಕೂ ಮೇಲು. ಬ್ರಿಟಿಷರ ಆಳ್ವಿಕೆಯಿಂದ 1964ರಲ್ಲಿ ಸ್ವತಂತ್ರವಾದ ಈ ದೇಶ 2004ರಲ್ಲಿ ಐರೋಪ್ಯ ಒಕ್ಕೂಟವನ್ನು ಸೇರಿತು. ಅಲ್ಲಿ ಏನೇನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಈ ವಾರ ತಿಳಿಯೋಣ. ಹೋಗಲು ಅನುಕೂಲವಿದ್ದವರಿಗೆ ಇದು ದಾರಿ ತೋರಲಿ. ಇಲ್ಲದವರಿಗೆ ಮನೆಯಲ್ಲೇ ಕುಳಿತು ಮಾಡುವ ಯಾತ್ರೆಯಾಗಲಿ.

ಮೊದಲು ಓದಿ, ಆಮೇಲೆ ಹೊರಡಿ

ಮಾಲ್ಟಾಕ್ಕೆ ಅತ್ಯುತ್ತಮ ಮಾರ್ಗದರ್ಶಿ ನಿಮ್ಮ ಮನೆಯಲ್ಲೇ ಇದೆ. 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದ 27 ಮತ್ತು 28ನೇ ಅಧ್ಯಾಯಗಳನ್ನು ನಿಧಾನವಾಗಿ ಓದಿ. ಪೌಲರು ಕೈದಿಯಾಗಿ ರೋಮಿಗೆ ಹೊರಟಿದ್ದಾರೆ. ಚಳಿಗಾಲ ಹತ್ತಿರವಾಗಿದೆ, ಪ್ರಯಾಣ ಅಪಾಯಕರ ಎಂದು ಅವರು ಎಚ್ಚರಿಸಿದರೂ ಶತಾಧಿಪತಿ ಜೂಲಿಯನು ಹಡಗಿನ ನಾಯಕನ ಮಾತನ್ನೇ ನಂಬುತ್ತಾನೆ. ಕ್ರೇತ ದ್ವೀಪ ದಾಟುವಷ್ಟರಲ್ಲಿ ಬಿರುಗಾಳಿ ಎರಗುತ್ತದೆ. ಹದಿನಾಲ್ಕು ರಾತ್ರಿ ಸೂರ್ಯನಿಲ್ಲ, ನಕ್ಷತ್ರವಿಲ್ಲ. ನಾವಿಕರು ಹಗ್ಗ ಇಳಿಬಿಟ್ಟು ಆಳ ನೋಡುತ್ತಾರೆ: ಮೊದಲು ಇಪ್ಪತ್ತು ಮಾರು, ಆಮೇಲೆ ಹದಿನೈದು ಮಾರು. ಬೆಳಗಾದಾಗ ಹಡಗು ಮರಳುದಿಬ್ಬಕ್ಕೆ ತಾಗಿ ಒಡೆಯುತ್ತದೆ. ಈಜು ಬಲ್ಲವರು ಈಜಿ, ಬಾರದವರು ಹಲಗೆಗಳನ್ನು ಹಿಡಿದು, 276 ಮಂದಿಯೂ ಜೀವಸಹಿತ ದಡ ಸೇರುತ್ತಾರೆ.

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಹಡಗಿನಲ್ಲಿ ದುಡಿಯುವ ಮಕ್ಕಳಿದ್ದಾರೆ. ಬಲೆ ಹೊತ್ತು ಕಡಲಿಗಿಳಿಯುವವರಿದ್ದಾರೆ. ಅಂಥ ಮನೆಯ ತಾಯಂದಿರಿಗೆ ಈ ಅಧ್ಯಾಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಈಗ ಒಂದು ಸೂಕ್ಷ್ಮವನ್ನು ಗಮನಿಸಿ. ಮಳೆ ಸುರಿಯುತ್ತಿತ್ತು, ಚಳಿಯಿತ್ತು. ದ್ವೀಪದ ಜನ ಮೊದಲು ಮಾಡಿದ ಕೆಲಸ ಬೆಂಕಿ ಹೊತ್ತಿಸಿದ್ದು. ಬಂದವರಲ್ಲಿ ಸೈನಿಕರಿದ್ದರು, ಸಂಕೋಲೆಯ ಕೈದಿಗಳಿದ್ದರು, ನಾವಿಕರಿದ್ದರು. ಯಾರು ಯಾರೆಂದು ಅವರು ವಿಚಾರಿಸಲಿಲ್ಲ. ಪೌಲರು ಸೌದೆ ಹಾಕುತ್ತಿದ್ದಾಗ ವಿಷಸರ್ಪ ಅವರ ಕೈಗೆ ಸುತ್ತಿಕೊಂಡಿತು. ಆಗ ಜನ 'ಇವನು ಕೊಲೆಗಾರನೇ ಇರಬೇಕು' ಎಂದುಕೊಂಡರು. ಅಪಾಯವಾಗದಿದ್ದಾಗ 'ಇವನು ದೇವರೇ' ಎಂದರು. ಎರಡೂ ತಪ್ಪು! ಅಪರಿಚಿತನ ಬಗ್ಗೆ ಅವರ ತೀರ್ಪು ಎರಡು ಸಲವೂ ತಪ್ಪಿತು. ಆದರೆ ತೀರ್ಪಿಗಿಂತ ಮೊದಲು ಹೊತ್ತಿಸಿದ ಬೆಂಕಿ ಮಾತ್ರ ತಪ್ಪಲಿಲ್ಲ.

ಮುಂದೆ ದ್ವೀಪದ ಮುಖ್ಯಸ್ಥ ಪುಬ್ಲಿಯನು ಅವರನ್ನು ಮೂರು ದಿನ ಉಪಚರಿಸಿದನು. ಜ್ವರ ಮತ್ತು ರಕ್ತಭೇದಿಯಿಂದ ಮಲಗಿದ್ದ ಅವನ ತಂದೆಯನ್ನು ಪೌಲರು ಪ್ರಾರ್ಥಿಸಿ, ಕೈಯಿಟ್ಟು ಗುಣಪಡಿಸಿದರು. ಸಂತ ಲೂಕರು ಇಲ್ಲಿ ಪೌಲರ ಒಂದು ಪ್ರಬೋಧನೆಯನ್ನೂ ದಾಖಲಿಸಿಲ್ಲ, ಒಂದು ದೀಕ್ಷಾಸ್ನಾನವನ್ನೂ ಹೇಳಿಲ್ಲ. ಬೆಂಕಿ, ಊಟ, ರೋಗಿಗಳ ಆರೈಕೆ, ಹೊರಡುವಾಗ ಬುತ್ತಿ, ಇಷ್ಟೇ. ಆದರೂ ಮಾಲ್ಟಾದ ಜನ ತಮ್ಮ ವಿಶ್ವಾಸದ ಬೇರನ್ನು ಕ್ರಿ.ಶ. 60ರ ಆ ದಿನದಲ್ಲೇ ಕಾಣುತ್ತಾರೆ. ಮುಂದೆ ನೋಡುವ ಪ್ರತಿಯೊಂದು ಸ್ಥಳದಲ್ಲೂ ಈ ಬೆಂಕಿಯನ್ನು ನೆನಪಿನಲ್ಲಿಡಿ.

ಸಂತ ಪೌಲರ ಕೊಲ್ಲಿ

ದ್ವೀಪದ ಈಶಾನ್ಯ ತೀರದಲ್ಲಿ 'ಸಂತ ಪೌಲರ ಕೊಲ್ಲಿ' ಇದೆ. ಹಡಗು ಒಡೆದದ್ದು ಇಲ್ಲೇ ಎಂಬುದು ಪರಂಪರೆ. ಕೊಲ್ಲಿಯ ಬಾಯಲ್ಲಿ ಜನವಸತಿಯಿಲ್ಲದ ಒಂದು ಸಣ್ಣ ನಡುಗಡ್ಡೆಯಿದೆ. ಅದರ ಮೇಲೆ 19ನೇ ಶತಮಾನದಲ್ಲಿ ನಿಲ್ಲಿಸಿದ ಸಂತ ಪೌಲರ ದೊಡ್ಡ ಪ್ರತಿಮೆಯಿದೆ. ದೋಣಿಯಲ್ಲಿ ಅದರ ಸುತ್ತ ಹೋಗಿಬರಬಹುದು. ಘಟನೆ ನಡೆದ ಕೊಲ್ಲಿ ಇದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬೇರೆ ಕೊಲ್ಲಿಗಳನ್ನು ಸೂಚಿಸುವವರೂ ಇದ್ದಾರೆ. ಅದರಿಂದ ನಮ್ಮ ವಿಶ್ವಾಸಕ್ಕೆ ಏನೂ ಕುಂದಿಲ್ಲ. ಪರಂಪರೆಯನ್ನು ಗೌರವಿಸೋಣ, ಆದರೆ ಅದನ್ನು ಶುಭಸಂದೇಶದ ಸ್ಥಾನದಲ್ಲಿ ಕೂರಿಸುವುದು ಬೇಡ.

ಇಂದು ಈ ತೀರದ ತುಂಬ ಹೋಟೆಲುಗಳು, ಮನೆಗಳ ಸಾಲುಗಳು. ಸಂಜೆ ಜನಜಂಗುಳಿ ತಗ್ಗಿದ ಮೇಲೆ ದಡದಲ್ಲಿ ಕುಳಿತು 27ನೇ ಅಧ್ಯಾಯವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ರಬಾತ್ ಮತ್ತು ಮ್ದೀನಾ

ದ್ವೀಪದ ನಡುಭಾಗದ ಎತ್ತರದಲ್ಲಿ ಈ ಎರಡು ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ. ರಬಾತ್‌ನಲ್ಲಿರುವ ಸಂತ ಪೌಲರ ಗವಿಯಲ್ಲಿ ಪ್ರೇಷಿತರು ಆ ಮೂರು ತಿಂಗಳು ತಂಗಿದ್ದರೆಂದು ನಂಬಿಕೆ. ಪೋಪ್ ಎರಡನೇ ಜಾನ್ ಪೌಲರು 1990ರಲ್ಲಿ, ಪೋಪ್ ಹದಿನಾರನೇ ಬೆನೆಡಿಕ್ಟರು 2010ರಲ್ಲಿ, ಪೋಪ್ ಫ್ರಾನ್ಸಿಸರು 2022ರಲ್ಲಿ ಇಲ್ಲಿಗಿಳಿದು ಪ್ರಾರ್ಥಿಸಿದರು.

ಸಮೀಪದಲ್ಲೇ ಸಂತ ಪೌಲರ ಹೆಸರಿನ ಭೂಗತ ಸಮಾಧಿಗಳಿವೆ. ಬಂಡೆಯನ್ನು ಕೊರೆದು ಮಾಡಿದ ಓಣಿಗಳು, ಗೋಡೆಗಳಲ್ಲಿ ಸಾಲು ಸಾಲು ಗೋರಿಗಳು, ಅವುಗಳ ಮಧ್ಯೆ ಕಲ್ಲಿನಲ್ಲೇ ಕೆತ್ತಿದ ದುಂಡನೆಯ ಮೇಜುಗಳು. ಅಗಲಿದವರ ಸ್ಮರಣೆಗಾಗಿ ಬಂಧುಬಳಗ ಸೇರಿ ಊಟ ಮಾಡುತ್ತಿದ್ದ ಮೇಜುಗಳವು. ಮೃತರ ಪುಣ್ಯತಿಥಿಯಂದು ಬಲಿಪೂಜೆ ಅರ್ಪಿಸಿ, ಮನೆಯಲ್ಲಿ ನಾಲ್ಕು ಜನರಿಗೆ ಊಟ ಹಾಕುವ ನಮಗೆ ಇದರ ಅರ್ಥ ಕೂಡಲೇ ಆಗುತ್ತದೆ. ಇನ್ನೊಂದು ವಿಶೇಷವೆಂದರೆ ಇದೇ ಆವರಣದಲ್ಲಿ ಕ್ರೈಸ್ತರ ಗೋರಿಗಳ ಪಕ್ಕದಲ್ಲೇ ಯೆಹೂದ್ಯರ ಮತ್ತು ಇತರರ ಗೋರಿಗಳೂ ಇವೆ.

ಮ್ದೀನಾ ಹಳೆಯ ರಾಜಧಾನಿ. ಕೋಟೆಯೊಳಗಿನ ಓಣಿಗಳಲ್ಲಿ ವಾಹನಗಳ ಗದ್ದಲ ತೀರ ಕಡಿಮೆ. ಪುಬ್ಲಿಯನ ಮನೆಯಿದ್ದ ಜಾಗವೆಂದು ಹೇಳುವಲ್ಲಿ ಸಂತ ಪೌಲರ ಪ್ರಧಾನಾಲಯವಿದೆ. 1693ರ ಭೂಕಂಪದಲ್ಲಿ ಹಳೆಯ ಕಟ್ಟಡ ಹಾಳಾದ ಮೇಲೆ ಲೊರೆನ್ಸೊ ಗಫಾ ಎಂಬ ಶಿಲ್ಪಿ ಇದನ್ನು ಕಟ್ಟಿದ. ಪುಬ್ಲಿಯನೇ ಮಾಲ್ಟಾದ ಮೊದಲ ಧರ್ಮಾಧ್ಯಕ್ಷನಾದನೆಂಬುದು ಪರಂಪರೆ. ಅತಿಥಿಗಳನ್ನು ಉಪಚರಿಸಿದ ಮನೆ ದೇವಾಲಯವಾಯಿತು ಎಂದು ಮಾಲ್ಟಾದ ಜನ ಇಲ್ಲಿ ಹೇಳುತ್ತಿದ್ದಾರೆ.

ವ್ಯಾಲೆಟ್ಟಾ: ವೈಭವ ಮತ್ತು ನೆರಳು

ಈಗಿನ ರಾಜಧಾನಿ ವ್ಯಾಲೆಟ್ಟಾ, ಇಡೀ ನಗರವೇ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಸಂತ ಯೊವಾನ್ನರ ಸಭೆಯ ಯೋಧರು 1530ರಲ್ಲಿ ಈ ದ್ವೀಪಕ್ಕೆ ಬಂದರು. 1565ರಲ್ಲಿ ತುರ್ಕರ ದೊಡ್ಡ ಮುತ್ತಿಗೆಯನ್ನು ತಡೆದು ನಿಂತರು. ಮರುವರ್ಷವೇ ಅವರ ಮಹಾನಾಯಕ ಲಾ ವಾಲೆಟ್ ಈ ನಗರಕ್ಕೆ ಅಡಿಗಲ್ಲು ಹಾಕಿದನು. ಮುತ್ತಿಗೆ ಮುಗಿದ ನೆನಪಿಗೆ ಸೆಪ್ಟೆಂಬರ್ 8 ಅಲ್ಲಿ ರಾಷ್ಟ್ರೀಯ ಹಬ್ಬ. ಕನ್ಯಾಮರಿಯಮ್ಮನವರ ಜನ್ಮದಿನವಾದ ಅದೇ ದಿನ ನಮ್ಮ ಕರಾವಳಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತೇವೆ.

ಸಂತ ಯೊವಾನ್ನರ ಸಹ-ಪ್ರಧಾನಾಲಯ ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಕಾಲಿಟ್ಟರೆ ಬಂಗಾರದ ಕೆತ್ತನೆ, ಮತ್ತಿಯಾ ಪ್ರೇತಿ ಚಿತ್ರಿಸಿದ ಕಮಾನು, ನೆಲದ ತುಂಬ ಬಣ್ಣಬಣ್ಣದ ಅಮೃತಶಿಲೆಯಲ್ಲಿ ಯೋಧರ ಸಮಾಧಿಗಳು. ಆದರೆ ನೀವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಪಕ್ಕದ ಪ್ರಾರ್ಥನಾಗೃಹದಲ್ಲಿ. ಅಲ್ಲಿ ಕಾರವಾಜ್ಜೊ 1608ರಲ್ಲಿ ಬರೆದ 'ಸ್ನಾನಿಕ ಯೊವಾನ್ನರ ಶಿರಚ್ಛೇದನ' ಚಿತ್ರವಿದೆ. ರೋಮಿನಲ್ಲಿ ಒಬ್ಬನನ್ನು ಕೊಂದು ತಲೆಮರೆಸಿಕೊಂಡಿದ್ದ ಚಿತ್ರಕಾರ ಈತ. 1607ರಲ್ಲಿ ಮಾಲ್ಟಾ ಅವನಿಗೆ ಆಶ್ರಯ ಕೊಟ್ಟಿತು. ಮರುವರ್ಷ ಸಭೆಗೂ ಸೇರಿಸಿಕೊಂಡಿತು. ತನ್ನ ಹೆಸರನ್ನು ಅವನು ಸಹಿ ಮಾಡಿದ ಚಿತ್ರ ಇದೊಂದೇ. ಆ ಸಹಿಯನ್ನು ಹುತಾತ್ಮ ಯೊವಾನ್ನರ ಕೊರಳಿಂದ ಹರಿದ ರಕ್ತದಲ್ಲೇ ಬರೆದಂತೆ ಚಿತ್ರಿಸಿದ್ದಾನೆ. ಕೊಲೆಗಾರನೊಬ್ಬ ಹುತಾತ್ಮನ ರಕ್ತದಲ್ಲಿ ಹೆಸರು ಬರೆದದ್ದರ ಅರ್ಥವೇನು? ಅದರ ಮುಂದೆ ನಿಂತವರೇ ಉತ್ತರ ಹುಡುಕಬೇಕು. ಅದೇ ವರ್ಷ ಅವನು ಮತ್ತೆ ಜಗಳವಾಡಿ ಸೆರೆಮನೆ ಸೇರಿ, ತಪ್ಪಿಸಿಕೊಂಡು ಓಡಿಹೋದ. ಡಿಸೆಂಬರಿನಲ್ಲಿ ಸಭೆಯವರು ಆ ಚಿತ್ರವಿದ್ದ ಕೋಣೆಯಲ್ಲೇ ಸೇರಿ ಅವನನ್ನು ಬಹಿಷ್ಕರಿಸಿದರು.

ಕಡಲ ಕಡೆಗೆ ನಡೆದರೆ ಯೋಧರು 16ನೇ ಶತಮಾನದಲ್ಲಿ ಕಟ್ಟಿದ ಆಸ್ಪತ್ರೆ ಸಿಗುತ್ತದೆ. ಈಗ ಅದು ಸಮ್ಮೇಳನ ಭವನ. ಅದರ ದೊಡ್ಡ ವಾರ್ಡಿನ ಉದ್ದ ಸುಮಾರು 155 ಮೀಟರ್. ರೋಗಿಗಳಿಗೆ ಬೆಳ್ಳಿಯ ತಟ್ಟೆಯಲ್ಲಿ ಊಟ ಬಡಿಸುತ್ತಿದ್ದರು; ಶ್ರೀಮಂತ ಮನೆತನಗಳ ಯೋಧರೇ ಸರದಿಯಂತೆ ಬಂದು ಸೇವೆ ಮಾಡುತ್ತಿದ್ದರು. ಪುಬ್ಲಿಯನ ಮನೆಯ ರೋಗಶಯ್ಯೆ ಇಲ್ಲಿ ಇಷ್ಟು ಉದ್ದಕ್ಕೆ ಬೆಳೆದಿದೆ ಎನ್ನಬಹುದು. ಆದರೆ ಅದೇ ಯೋಧರ ನೌಕೆಗಳಲ್ಲಿ ಸೆರೆಸಿಕ್ಕ ಮುಸ್ಲಿಮರು ಗುಲಾಮರಾಗಿ ಹುಟ್ಟು ಹಾಕುತ್ತಿದ್ದರು. ಆ ಗುಲಾಮಗಿರಿ ರದ್ದಾದದ್ದು 1798ರಲ್ಲಿ, ನೆಪೋಲಿಯನ್ ದ್ವೀಪವನ್ನು ವಶಪಡಿಸಿಕೊಂಡಾಗ. ಬೆಳ್ಳಿ ತಟ್ಟೆಯನ್ನು ನೆನೆಯುವವರು ಸಂಕೋಲೆಯನ್ನೂ ನೆನೆಯಬೇಕು. ತಮ್ಮವರಿಗೆ ಆರೈಕೆ, ಪರರಿಗೆ ಸಂಕೋಲೆ ಎಂಬ ಪ್ರಲೋಭನೆ ಕ್ರೈಸ್ತರನ್ನೂ ಬಿಟ್ಟಿಲ್ಲ.

ಇದೇ ನಗರದ 'ಸಂತ ಪೌಲರ ಹಡಗೊಡೆತ'ದ ದೇವಾಲಯದಲ್ಲಿ ಪ್ರೇಷಿತರ ಮಣಿಕಟ್ಟಿನ ಎಲುಬೆಂದು ಪೂಜ್ಯವಾದ ಪವಿತ್ರ ಅವಶೇಷವಿದೆ. ಪ್ರತಿವರ್ಷ ಫೆಬ್ರವರಿ 10ರಂದು ಹಬ್ಬ. ಪ್ರತಿಮೆಯನ್ನು ಹೆಗಲ ಮೇಲೆ ಹೊತ್ತು ಬೀದಿಗಳಲ್ಲಿ ಮೆರವಣಿಗೆ ಮಾಡುತ್ತಾರೆ.

ಮೊಸ್ತಾದ ಗುಮ್ಮಟ

ಮೊಸ್ತಾ ಊರಿನ ದೇವಾಲಯಕ್ಕೆ ಭಾರಿ ಗುಮ್ಮಟವಿದೆ. 1833ರಲ್ಲಿ ಕಟ್ಟಡ ಆರಂಭವಾದಾಗ ಹಳೆಯ ದೇವಾಲಯವನ್ನು ಕೆಡವದೆ ಅದರ ಸುತ್ತಲೇ ಹೊಸದನ್ನು ಎಬ್ಬಿಸಿದರು. ಹೀಗಾಗಿ ಪೂಜೆಗಳು ನಿಲ್ಲಲಿಲ್ಲ. ಊರವರೇ ಬಿಡುವಿನ ವೇಳೆಯಲ್ಲಿ ಬಂದು ದುಡಿದರು. ಎರಡನೇ ಮಹಾಯುದ್ಧದಲ್ಲಿ, 1942ರ ಏಪ್ರಿಲ್ 9ರಂದು, ಸಂಜೆಯ ಪೂಜೆಗಾಗಿ 250ಕ್ಕೂ ಹೆಚ್ಚು ಜನ ಸೇರಿದ್ದಾಗ ಬಾಂಬೊಂದು ಗುಮ್ಮಟವನ್ನು ಸೀಳಿ ಒಳಗೆ ಬಿತ್ತು. ಆದರೆ ಸಿಡಿಯಲಿಲ್ಲ. ಅದರ ಮಾದರಿಯನ್ನು ಅಲ್ಲಿ ಇಂದಿಗೂ ತೋರಿಸುತ್ತಾರೆ.

ಜನ ಇದನ್ನು ಪವಾಡ ಎನ್ನುತ್ತಾರೆ. ಅವರ ಕೃತಜ್ಞತೆಯಲ್ಲಿ ನಾವೂ ಸೇರೋಣ. ಆದರೆ ಅದೇ ಯುದ್ಧದಲ್ಲಿ ಇದೇ ದ್ವೀಪದಲ್ಲಿ ಬಿದ್ದ ಎಷ್ಟೋ ಬಾಂಬುಗಳು ಸಿಡಿದವು, ಎಷ್ಟೋ ಮಕ್ಕಳು ಸತ್ತರು. ದೇವರು ಮೊಸ್ತಾದವರನ್ನು ಮಾತ್ರ ಪ್ರೀತಿಸಿದರೆಂದು ಅರ್ಥ ಮಾಡಬಾರದು. ಉಳಿದವರು ಉಳಿದ ಜೀವವನ್ನು ಯಾರಿಗಾಗಿ ಬಾಳಬೇಕು ಎಂಬುದೇ ಪವಾಡ ನಮ್ಮ ಮುಂದಿಡುವ ಪ್ರಶ್ನೆ.

ಪಿರಮಿಡ್ಡುಗಳಿಗಿಂತ ಹಳೆಯ ಗುಡಿಗಳು

ಸಂತ ಪೌಲರು ಬರುವುದಕ್ಕೆ ಮೂರೂವರೆ ಸಾವಿರ ವರ್ಷ ಮೊದಲೇ ಇಲ್ಲಿನ ಜನ ಬೃಹತ್ ಕಲ್ಲುಗಳಿಂದ ಗುಡಿಗಳನ್ನು ಕಟ್ಟಿದ್ದರು. ಗೋಝೋ ದ್ವೀಪದ ಜಿಗಾಂತಿಯಾ ಗುಡಿಗಳು ಕ್ರಿ.ಪೂ. 3600ರ ಸುಮಾರಿನವು, ಈಜಿಪ್ಟಿನ ಪಿರಮಿಡ್ಡುಗಳಿಗಿಂತಲೂ ಹಳೆಯವು. ಮಾಲ್ಟಾದ ದಕ್ಷಿಣ ತೀರದಲ್ಲಿ ಹಜಾರ್ ಇಮ್ ಮತ್ತು ಮ್ನಾಯ್ದ್ರಾ ಗುಡಿಗಳಿವೆ. ಹಗಲು ರಾತ್ರಿ ಸಮವಾಗುವ ದಿನ ಮ್ನಾಯ್ದ್ರಾದಲ್ಲಿ ಉದಯಸೂರ್ಯನ ಕಿರಣ ಬಾಗಿಲ ಮೂಲಕ ನೇರವಾಗಿ ಒಳಗೆ ಬೀಳುತ್ತದೆ. ಪಾಓಲಾ ಊರಿನಲ್ಲಿ ಹಾಲ್ ಸಫ್ಲಿಯೆನಿ ಎಂಬ ಭೂಗತ ಸಮಾಧಿಸ್ಥಾನವಿದೆ. ಮನೆ ಕಟ್ಟಲು ನೆಲ ಅಗೆಯುತ್ತಿದ್ದಾಗ 1902ರಲ್ಲಿ ಬೆಳಕಿಗೆ ಬಂದ ಇದರಲ್ಲಿ ಸುಮಾರು 7000 ಜನರ ಅವಶೇಷಗಳಿದ್ದವು ಎಂದು ಅಂದಾಜು. ದಿನಕ್ಕೆ ಕೆಲವೇ ಮಂದಿಯನ್ನು ಒಳಗೆ ಬಿಡುವುದರಿಂದ ಬಹಳ ಮೊದಲೇ ಟಿಕೇಟು ಕಾದಿರಿಸಬೇಕು.

ಅವರ ಭಾಷೆ ಯಾವುದು, ದೇವರ ಹೆಸರೇನು ಎಂಬುದು ಯಾರಿಗೂ ತಿಳಿಯದು. ಆದರೆ ಸತ್ತವರನ್ನು ಗೌರವದಿಂದ ಮಲಗಿಸಿದರು, ಬೆಳಕಿನ ಕಡೆಗೆ ಬಾಗಿಲಿಟ್ಟರು. ಮನುಷ್ಯನು ದೇವರನ್ನು ಅರಸುವ ಜೀವಿ ಎಂಬ ಪಾಠಕ್ಕೆ ಇಷ್ಟು ಹಳೆಯ ಸಾಕ್ಷಿ ಬೇರೆಲ್ಲಿ ಸಿಕ್ಕೀತು?

ಗೋಝೋದ ತಾ ಪೀನು ಮಾತೆ

ಮಾಲ್ಟಾದ ಉತ್ತರ ತುದಿಯಿಂದ ಹಡಗು ಹತ್ತಿದರೆ ಅರ್ಧ ಗಂಟೆಯೊಳಗೆ ಗೋಝೋ. ಹೊಲಗಳ ನಡುವೆ ಒಂಟಿಯಾಗಿ ನಿಂತ ತಾ ಪೀನು ಮಹಾದೇವಾಲಯ ಮಾಲ್ಟಾದವರ ಅತ್ಯಂತ ಪ್ರೀತಿಯ ಮರಿಯ ಕ್ಷೇತ್ರ. 1883ರ ಜೂನ್ 22ರಂದು ಹೊಲದಿಂದ ಮರಳುತ್ತಿದ್ದ ಕಾರ್ಮ್ನಿ ಗ್ರೀಮಾ ಎಂಬ ರೈತ ಮಹಿಳೆಗೆ ಅಲ್ಲಿನ ಪಾಳುಬಿದ್ದ ಚಿಕ್ಕ ಗುಡಿಯಿಂದ ಒಂದು ದನಿ ಕೇಳಿಸಿತು. ಮಾತೆಯ ದೇಹ ಸಮಾಧಿಯಲ್ಲಿದ್ದ ಮೂರು ದಿನಗಳ ಗೌರವಾರ್ಥ ಮೂರು 'ನಮೋ ಮರಿಯ' ಹೇಳು ಎಂದಿತು ಆ ದನಿ. ಹಳೆಯ ಗುಡಿಯನ್ನು ಹಾಗೆಯೇ ಉಳಿಸಿಕೊಂಡು, ಅದಕ್ಕೆ ಸೇರಿದಂತೆ 1920ರಿಂದ ಹೊಸ ದೇವಾಲಯವನ್ನು ಕಟ್ಟಿದರು. ಗುಣಹೊಂದಿದವರು, ಅಪಘಾತದಿಂದ ಪಾರಾದವರು ತಂದಿಟ್ಟ ಹರಕೆಯ ವಸ್ತುಗಳು, ಮಕ್ಕಳ ಬಟ್ಟೆಗಳು, ಹಡಗಿನ ಚಿತ್ರಗಳು ಗೋಡೆಗಳಲ್ಲಿವೆ. ಪಾಠಶಾಲೆ ಕಲಿಯದವರೂ ಓದಬಲ್ಲ ಗ್ರಂಥವದು.

ಹಳೆಯ ಪುಸ್ತಕಗಳಲ್ಲಿ ಗೋಝೋದ 'ನೀಲಿ ಕಿಟಕಿ' ಎಂಬ ಕಲ್ಲಿನ ಕಮಾನಿನ ಚಿತ್ರ ನೋಡಿದವರು ಅದನ್ನು ಹುಡುಕಬೇಡಿ. 2017ರ ಮಾರ್ಚ್ 8ರ ಬಿರುಗಾಳಿಯಲ್ಲಿ ಅದು ಕುಸಿದು ಕಡಲ ಪಾಲಾಯಿತು. ಮಕ್ಕಳಿಗಾಗಿ ಕೊಮಿನೋದ ನೀಲಿ ನೀರಿನ ಲಗೂನ್ ಇದೆ. ಮಾರ್ಸಶ್ಲೊಕ್ ಬಂದರಿನಲ್ಲಿ ಮೂತಿಯ ಮೇಲೆ ಕಣ್ಣು ಬರೆದ ಬಣ್ಣದ ಮೀನುದೋಣಿಗಳನ್ನು ನೋಡಬಹುದು.

ಪೂಜೆಗೆ ಹೋಗಿ, ಭಾಷೆ ಕೇಳಿ

ಒಂದು ಭಾನುವಾರ ಯಾವುದಾದರೂ ಹಳ್ಳಿಯ ದೇವಾಲಯದ ಬಲಿಪೂಜೆಯಲ್ಲಿ ಭಾಗವಹಿಸಿ. ಮಾಲ್ಟಾ ಭಾಷೆ ಅರಬ್ಬಿಯ ಮಗಳು. ಬರೆಯುವುದು ಮಾತ್ರ ಲ್ಯಾಟಿನ್ ಲಿಪಿಯಲ್ಲಿ. ಅಲ್ಲಿನ ಕಥೋಲಿಕರು ದೇವರನ್ನು ಕರೆಯುವುದು 'ಅಲ್ಲಾ' ಎಂದು! ತಪಸ್ಸುಕಾಲಕ್ಕೆ ಅವರ ಹೆಸರು 'ರಂದಾನ್'. ದೇವರ ಹೆಸರಿನಲ್ಲಿ ಜಗಳವಾಡುವವರು ಅರ್ಧ ಗಂಟೆ ಆ ಪೂಜೆಯಲ್ಲಿ ಮೊಣಕಾಲೂರಿದರೆ ಸಾಕು.

ಹಮ್ರೂನ್ ಸಮೀಪದ ಬ್ಲಾತಾ ಲ್-ಬಾಯ್ದಾದಲ್ಲಿ ಸಂತ ಜಾರ್ಜ್ ಪ್ರೇಕಾರ ಸಮಾಧಿಯಿದೆ. ಧರ್ಮೋಪದೇಶ ಗುರುಗಳಷ್ಟೇ ಮಾಡುವ ಕೆಲಸ ಎಂದು ತಿಳಿಯುತ್ತಿದ್ದ ಕಾಲದಲ್ಲಿ, 1907ರಲ್ಲಿ, ಅವರು ಸಾಮಾನ್ಯ ಯುವಕರನ್ನು ಸೇರಿಸಿ ಉಪದೇಶಿಗಳ ಸಂಘ ಕಟ್ಟಿದರು. ಜಪಸರದಲ್ಲಿ 'ಬೆಳಕಿನ ರಹಸ್ಯಗಳ'ನ್ನು ಧ್ಯಾನಿಸುವ ಸಲಹೆಯನ್ನು ಅವರು 1957ರಲ್ಲೇ ಕೊಟ್ಟಿದ್ದರು. ಪೋಪ್ ಎರಡನೇ ಜಾನ್ ಪೌಲರು 2002ರಲ್ಲಿ ಅಂಥ ರಹಸ್ಯಗಳನ್ನು ಇಡೀ ಧರ್ಮಸಭೆಗೆ ನೀಡಿದರು. ಗುರುವಾರದ ಜಪಸರ ಹೇಳುವಾಗ ಈ ಮಾಲ್ಟಾದ ಗುರುವನ್ನು ನೆನೆಯಬಹುದು.

ಹೊರಡುವವರಿಗೆ ಒಂದಿಷ್ಟು ಸೂಚನೆ: ಭಾರತೀಯರಿಗೆ ಶೆಂಗೆನ್ ವೀಸಾ ಬೇಕು. ನಾಣ್ಯ ಯೂರೋ. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆಗಳಲ್ಲೊಂದು. ವಾಹನಗಳು ನಮ್ಮಂತೆ ಎಡಬದಿಯಲ್ಲೇ ಓಡುತ್ತವೆ. ಜುಲೈ, ಆಗಸ್ಟ್ ತಿಂಗಳ ಬಿಸಿಲು ವಯಸ್ಸಾದವರಿಗೆ ಕಷ್ಟ. ಏಪ್ರಿಲ್, ಮೇ ಹಿತಕರ. ದೇವಾಲಯಗಳಿಗೆ ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಿ.

ಅದೇ ಕಡಲು, ಇಂದಿನ ದೋಣಿಗಳು

ಪೌಲರ ಹಡಗು ಒಡೆದ ಅದೇ ಕಡಲಿನಲ್ಲಿ ಇಂದೂ ದೋಣಿಗಳು ಮುಳುಗುತ್ತಿವೆ. ಯುದ್ಧ, ಬಡತನಗಳಿಂದ ಓಡಿಬರುವ ಆಫ್ರಿಕದ ಜನ ಲಿಬಿಯಾದಿಂದ ಗಾಳಿ ತುಂಬಿದ ದೋಣಿಗಳಲ್ಲಿ ಹೊರಟು ಮಾಲ್ಟಾ, ಇಟಲಿಗಳ ಕಡೆಗೆ ಬರುತ್ತಾರೆ. ಮಾಲ್ಟಾ ಅನೇಕರನ್ನು ಬದುಕಿಸಿದೆ. ತಮ್ಮದು ಚಿಕ್ಕ ನೆಲ, ಭಾರವನ್ನೆಲ್ಲ ಒಬ್ಬರೇ ಹೊರಲಾಗದು ಎಂಬ ಅಲ್ಲಿನವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ 2020ರ ಏಪ್ರಿಲಿನಲ್ಲಿ, ಕೋವಿಡ್ ಕಾರಣ ನೀಡಿ, ಸರ್ಕಾರ ಹೀಗೆ ಬರುವವರಿಗೆ ಬಂದರುಗಳನ್ನು ಮುಚ್ಚಿದ್ದೂ ಉಂಟು. ದಿವಂಗತ ಪೋಪ್ ಫ್ರಾನ್ಸಿಸರು 2022ರ ಏಪ್ರಿಲ್ 3ರಂದು ಬೆಳಿಗ್ಗೆ ರಬಾತ್‌ನ ಗವಿಯಲ್ಲಿ ಪ್ರಾರ್ಥಿಸಿದರು. ಅದೇ ದಿನ ಹಾಲ್ ಫಾರ್‌ನಲ್ಲಿ ವಲಸಿಗರಿಗಾಗಿ ಫ್ರಾನ್ಸಿಸ್ಕನ್ ಗುರುವೊಬ್ಬರು ನಡೆಸುತ್ತಿದ್ದ ಆಶ್ರಯ ಕೇಂದ್ರಕ್ಕೆ ಹೋಗಿ, ದೋಣಿಗಳಲ್ಲಿ ಬಂದವರ ಜೊತೆ ಕುಳಿತರು. ಗವಿಯನ್ನು ಪೂಜಿಸಿ, ಗವಿಯಲ್ಲಿ ತಂಗಿದ್ದವನಂಥವರನ್ನು ಹೊರಗಿಡಬಾರದು ಎಂಬುದು ಆ ಒಂದು ದಿನದ ಪಯಣದ ಪಾಠ.

ಮಾಲ್ಟಾದ ಕಷ್ಟವನ್ನು ದೂರದಿಂದ ಟೀಕಿಸುವುದು ಸುಲಭ. ಆದರೆ ಈ ಪ್ರಶ್ನೆ ನಮ್ಮ ಮನೆಯ ಹೊಸಿಲಿಗೂ ಬರುತ್ತದೆ. ನಮ್ಮ ಬೀದಿಯಲ್ಲಿ ಕಟ್ಟಡ ಕಟ್ಟಲು ದೂರದ ರಾಜ್ಯಗಳಿಂದ ಬಂದು, ತಗಡಿನ ಶೆಡ್ಡುಗಳಲ್ಲಿ ಮಲಗುವವರಿದ್ದಾರೆ. ಅವರ ಭಾಷೆ ನಮಗೆ ಬಾರದು, ಅವರ ಹೆಸರು ಗೊತ್ತಿಲ್ಲ. ನಮ್ಮ ಮಕ್ಕಳೂ ಹೊರದೇಶಗಳಲ್ಲಿ ಹೀಗೆಯೇ ಅಪರಿಚಿತರಾಗಿ ದುಡಿಯುತ್ತಿದ್ದಾರೆ. ಅಲ್ಲಿ ಯಾರೋ ಒಬ್ಬರು ಅವರಿಗೆ ಬಾಗಿಲು ತೆರೆಯಲಿ ಎಂದು ದಿನವೂ ಬೇಡುತ್ತೇವೆ. ಎಚ್ಚರ ಬೇಡವೆಂದಲ್ಲ, ವಿಚಾರಣೆಯೇ ಬೇಡವೆಂದಲ್ಲ. ಆದರೆ ಮಳೆಯಲ್ಲಿ ನೆನೆದು ನಿಂತವನಿಗೆ ಮೊದಲು ಬೇಕಾದದ್ದು ಬೆಂಕಿ. ವಿಚಾರಣೆಗೆ ಆಮೇಲೂ ಸಮಯವಿರುತ್ತದೆ.

ಮನೆಮಂದಿ ಕೂಡಿ ಚರ್ಚಿಸಲು

ಈ ವಾರ ಒಂದು ಸಂಜೆ, ಜಪಸರದ ನಂತರ, ಪ್ರೇಷಿತರ ಕಾರ್ಯಕಲಾಪಗಳು 28ನೇ ಅಧ್ಯಾಯದ ಮೊದಲ ಹತ್ತು ವಚನಗಳನ್ನು ಮಕ್ಕಳಿಂದ ಓದಿಸಿ. ಆಮೇಲೆ ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳಿ:

1. ದ್ವೀಪದ ಜನ ಪೌಲರನ್ನು ಮೊದಲು ಕೊಲೆಗಾರನೆಂದರು, ಆಮೇಲೆ ದೇವರೆಂದರು. ನಾವು ಯಾರನ್ನಾದರೂ ಹೀಗೆ ಅವಸರದಲ್ಲಿ ಅಳೆದದ್ದುಂಟೇ?

2. ನಮ್ಮ ಕುಟುಂಬಕ್ಕೆ ಪರವೂರಿನಲ್ಲಿ ಯಾರು ಆಸರೆಯಾದರು? ಅವರ ಹೆಸರನ್ನು ಮಕ್ಕಳಿಗೆ ಹೇಳಿದ್ದೇವೆಯೇ?

3. ಪುಬ್ಲಿಯನ ಮನೆಯಲ್ಲಿ ಅತಿಥಿ ಬಂದ ಮೇಲೆ ರೋಗಿ ಗುಣವಾದನು. ನಮ್ಮ ಮನೆಗೆ ಬಂದ ಅತಿಥಿಯಿಂದ ನಮಗೆ ದೊರೆತ ಆಶೀರ್ವಾದ ಯಾವುದು?

4. ನಮ್ಮ ಧರ್ಮಕೇಂದ್ರಕ್ಕೆ ಹೊಸದಾಗಿ ಬಂದು, ದೇವಾಲಯದ ಹಿಂದಿನ ಸಾಲಿನಲ್ಲಿ ಒಬ್ಬರೇ ಕುಳಿತುಕೊಳ್ಳುವವರು ಯಾರು? ಮುಂದಿನ ಭಾನುವಾರ ಅವರನ್ನು ಯಾರು ಮಾತಾಡಿಸುತ್ತೀರಿ?